ಸ್ಟೇಷನ್ ಮಾಸ್ತರನ್ನು ಕೇಳಿ: ಈ ಸಲ ಸಂಪಿಗೆ ರಸ್ತೆ

ಹೋದ ಸಂಚಿಕೆಯಲ್ಲಿ ಮಲ್ಲೇಶ್ವರದ ಸಂಪಿಗೆ ರಸ್ತೆ ಮೆಟ್ರೋ ನಿಲ್ದಾಣದ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅದು ನನ್ನ ಮನೆಯಿಂದ ಹದಿನಾಲ್ಕು ನಿಮಿಷದ ನಡಿಗೆ, ಮೊಣಕಾಲು ಹಿಡಿದುಕೊಂಡ ದಿನ ಇಪ್ಪತ್ತು, ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂತ ಗೊತ್ತಿರಲಿಲ್ಲ. ಹಾಗಾಗಿ ಈ ಸಲ ಬೇರೆ ಊರಿನ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಅರಸೀಕೆರೆ ಪ್ಲಾಟ್‌ಫಾರಂನ ವಡೆ ಬಗ್ಗೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಬೇಕು.

ಹೊಸಬರಿಗೆ ಒಂದು ಮಾತು. ನಾನು 34 ವರ್ಷ ರೈಲ್ವೆಯಲ್ಲಿದ್ದವನು, ಜಾಸ್ತಿ ಕಾಲ ಸಣ್ಣ ಸಣ್ಣ ಸ್ಟೇಷನ್‌ಗಳಲ್ಲಿ. ಮೆಟ್ರೋದಲ್ಲಿ ಕೆಲಸ ಮಾಡಿದವನಲ್ಲ. ಅಲ್ಲಿ ನಾನೂ ನಿಮ್ಮ ಹಾಗೆ ಕಾರ್ಡ್ ತಟ್ಟಿ ಒಳಗೆ ಹೋಗುವ ಪ್ರಯಾಣಿಕ.

ಪ್ರಶ್ನೆ: ಮಾಸ್ತರೇ, ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ಮಗನ ಮನೆಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆ. ಅಲ್ಲಿ ಲೈಟ್ ರೈಲು ಅಂತ ಇದೆ. ರಸ್ತೆ ಮೇಲೇ ಬರುತ್ತದೆ, ಸೀದಾ ಹತ್ತಿ ಕೂತುಕೊಳ್ಳಬಹುದು. ಗೇಟೂ ಇಲ್ಲ, ಬ್ಯಾಗು ತಪಾಸಣೆಯೂ ಇಲ್ಲ. ಸಂಪಿಗೆ ರಸ್ತೆಯಲ್ಲಿ ತಂಗಿಯ ಮನೆಗೆ ಬಂದರೆ ಮಾತ್ರ ಇಷ್ಟೊಂದು ಮೆಟ್ಟಿಲು. ನಮ್ಮದೂ ಲೈಟ್ ರೈಲೇ ಅಲ್ವಾ? ಇದನ್ನು ಯಾಕೆ ಆಕಾಶಕ್ಕೆ ಏರಿಸಿದ್ದಾರೆ?
(ಅರವತ್ತೆಂಟರ ಅಜ್ಜಿ, ಮೈಸೂರು)

ಅಲ್ಲ ತಾಯಿ. ಅದು ಲೈಟ್ ರೈಲು, ಇದು ಮೆಟ್ರೋ. ದೂರದ ನೆಂಟರು, ಅಷ್ಟೆ.

'ಲೈಟ್' ಅಂದ ತಕ್ಷಣ ಹಳಿ ಹಗುರ, ಬೋಗಿ ಹಗುರ ಅಂದುಕೊಳ್ಳುತ್ತಾರೆ. ಹಗುರ ಇರುವುದು ಹೊರುವ ಜನರ ಲೆಕ್ಕ. ಅದು ಹಳೇ ಟ್ರಾಮ್ ಗಾಡಿಯ ಮಗಳು ಅಂತ ತಿಳಿಯಿರಿ. ನೀವು ಹತ್ತಿದ್ದು 1987ರಲ್ಲಿ ಶುರುವಾದ ಮಾರ್ಗ. ಪೇಟೆಯ ನಡುವೆ ಅದು ಒಂದನೇ ಬೀದಿ, ಎರಡನೇ ಬೀದಿಯಲ್ಲಿ ಜನರ ಪಕ್ಕದಲ್ಲೇ ತೆವಳಿಕೊಂಡು ಹೋಗುತ್ತದೆ. ಡ್ರೈವರ್ ನಮ್ಮ ಬಸ್ಸಿನ ಡ್ರೈವರ್ ಥರ ಕಣ್ಣು ಬಿಟ್ಟುಕೊಂಡು ಓಡಿಸಬೇಕು. ಗೇಟಿಲ್ಲ ಅಂದರೆ ಟಿಕೆಟ್ ಬೇಡ ಅಂತ ಅರ್ಥವಲ್ಲ. ಮೊದಲೇ ತಗೊಂಡಿರಬೇಕು, ನಡುವೆ ನೋಡುವವರು ಹತ್ತಿದರೆ ತೋರಿಸಬೇಕು. ನಿಮ್ಮ ಮಗ ನಿಮಗೆ ಟಿಕೆಟ್ ತಗೊಂಡಿದ್ದ ತಾನೆ?

ಇನ್ನೊಂದು ತಮಾಷೆ ನೋಡಿ. ಅಲ್ಲೂ ಇಲ್ಲೂ ಗಾಡಿ ಓಡುವುದು 750 ವೋಲ್ಟ್ ಡಿ.ಸಿ. ಕರೆಂಟಿನಲ್ಲಿ. ಆದರೆ ಅಲ್ಲಿ ಅದು ತಲೆಯ ಮೇಲಿನ ತಂತಿಯಲ್ಲಿ ಬರುತ್ತದೆ. ಇಲ್ಲಿ ಹಳಿಯ ಪಕ್ಕದಲ್ಲೇ ಮೂರನೇ ಹಳಿ ಅಂತ ಒಂದಿದೆ, ಕರೆಂಟು ಅದರಲ್ಲಿ. ಮುಂದಿನ ಸಲ ಪ್ಲಾಟ್‌ಫಾರಂನಲ್ಲಿ ಹಳದಿ ಗೆರೆಯ ಹಿಂದೆಯೇ ನಿಂತು ಮೇಲೆ ನೋಡಿ. ತಂತಿ ಕಾಣುವುದಿಲ್ಲ. ಸ್ಯಾನ್ ಹೋಸೆಯಲ್ಲಿ ಮಕ್ಕಳು, ಸೈಕಲ್ಲು, ನಾಯಿ ಹಿಡಿದವರು ಎಲ್ಲರೂ ಹಳಿ ದಾಟುತ್ತಾರೆ. ಅಂಥ ಕಡೆ ನೆಲದ ಪಕ್ಕದಲ್ಲಿ ಕರೆಂಟು ಇಡುವುದಕ್ಕಾಗುತ್ತದಾ? ಮೂರನೇ ಹಳಿ ಹಾಕಬೇಕು ಅಂದರೆ ಗಾಡಿಯನ್ನು ಜನರಿಂದ ಪೂರ್ತಿ ಬೇರೆ ಮಾಡಬೇಕು. ಮೇಲೆ ಏರಿಸಬೇಕು, ಇಲ್ಲ ನೆಲದ ಕೆಳಗೆ ಇಳಿಸಬೇಕು. ಸಂಪಿಗೆ ರಸ್ತೆ ವಿಶೇಷ ಏನು ಅಂದರೆ ಇಲ್ಲಿಗೆ ಮೇಲಿನದು ಮುಗಿಯುತ್ತದೆ. ನಿಲ್ದಾಣ ಮೇಲಿದೆ, ಅಲ್ಲಿಂದ ಮೆಜೆಸ್ಟಿಕ್ ಕಡೆ ಹೊರಟ ಗಾಡಿ ಇಳಿಜಾರಿನಲ್ಲಿ ಇಳಿದು ಸುರಂಗಕ್ಕೆ ನುಗ್ಗುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಒಂದು ಹಳೇ ಕಥೆಯೂ ಇದೆ, ನಿಮಗೆ ಗೊತ್ತಿಲ್ಲದೆ. ಬೆಂಗಳೂರಿಗೆ ಲೈಟ್ ರೈಲು ಬರಬೇಕಾಗಿತ್ತು! 1990ರ ದಶಕದಲ್ಲಿ ಕಂಬಗಳ ಮೇಲೆ ಲೈಟ್ ರೈಲು ಓಡಿಸುವ ಯೋಜನೆ ಇತ್ತು. 1994ರಲ್ಲಿ ಅದಕ್ಕೇ ಅಂತ ಸರ್ಕಾರ ಒಂದು ಕಂಪನಿಯನ್ನೂ ಮಾಡಿತು. ಆಗ ನಾನು ಬೀರೂರು ಕಡೆ ಇದ್ದೆ. ರಜೆಗೆ ಬಂದಾಗಲೆಲ್ಲ ನಮ್ಮಪ್ಪ ಪೇಪರ್ ಮಡಿಸಿ ತೋರಿಸುತ್ತಿದ್ದರು, 'ನೋಡೋ, ಬರುತ್ತಂತೆ' ಅಂತ. ಬರಲಿಲ್ಲ. ಆಮೇಲೆ ದೆಹಲಿ ಮೆಟ್ರೋದವರು 2003ರಲ್ಲಿ ವರದಿ ಕೊಟ್ಟರು, 2006ರ ಜೂನ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅಡಿಗಲ್ಲು ಹಾಕಿದರು, 2011ರ ಅಕ್ಟೋಬರ್ 20ಕ್ಕೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಗಾಡಿ ಓಡಿತು. ಅಷ್ಟು ಹೊತ್ತಿಗೆ ಊರು ಬೆಳೆದ ರೀತಿ ನೋಡಿದರೆ ಲೈಟ್ ರೈಲು ಸಾಲುತ್ತಲೇ ಇರಲಿಲ್ಲ. ಈಗ ಆರು ಬೋಗಿಯ ಒಂದು ಗಾಡಿ ಸುಮಾರು 2,000 ಜನರನ್ನು ಹೊರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ, ಅದೂ ಸಾಲುವುದಿಲ್ಲ ಅಂತ ನಿಮ್ಮ ಪಕ್ಕೆಲುಬೇ ಹೇಳುತ್ತದೆ.

ಮೆಟ್ಟಿಲಿನ ವಿಷಯಕ್ಕೆ ಬರುತ್ತೇನೆ. ಮೊದಲು ರಸ್ತೆಯಿಂದ ಟಿಕೆಟ್ ಮಹಡಿಗೆ, ಅಲ್ಲಿಂದ ಪ್ಲಾಟ್‌ಫಾರಂಗೆ, ಎರಡು ಸಲ ಹತ್ತಬೇಕು. ಮೇಲೆ ಹೋಗುವ ಗಾಡಿಗೆ ಸಿಗ್ನಲ್ ಕಾಟವಿಲ್ಲ, ಅಡ್ಡ ಬರುವ ಆಟೋ ಇಲ್ಲ. ಅದರ ಬಾಡಿಗೆಯನ್ನು ನಮ್ಮ ಮೊಣಕಾಲು ಕಟ್ಟುತ್ತದೆ. ನೀವು ಕಟ್ಟಬೇಡಿ. ಲಿಫ್ಟ್ ಇದೆ. ಹುಡುಗರು ತುಂಬಿಕೊಂಡಿದ್ದರೆ 'ಸ್ವಲ್ಪ ಜಾಗ ಬಿಡಪ್ಪಾ' ಅನ್ನಿ, ಸಂಕೋಚ ಬೇಡ.

ಪ್ರಶ್ನೆ: ಸರ್, ಸಿ.ಟಿ.ಆರ್. ದೋಸೆಗೆ ಯಾವ ಸ್ಟೇಷನ್ನು? ಎಷ್ಟು ನಡೀಬೇಕು?
(ಇಂಜಿನಿಯರಿಂಗ್ ಹುಡುಗ, ತುಮಕೂರು)

ಸಂಪಿಗೆ ರಸ್ತೆಯಲ್ಲೇ ಇಳಿ ಮರಿ. ಸಂಪಿಗೆ ರಸ್ತೆ ಹಿಡಿದು ನಡೆ. ಒಂದನೇ ಕ್ರಾಸು, ಎರಡನೇ ಕ್ರಾಸು ಅಂತ ನಂಬರು ಏರುತ್ತಾ ಹೋಗುತ್ತದೆ. ಏಳಕ್ಕೆ ಬಂದಾಗ ಪಕ್ಕದ ಮಾರ್ಗೋಸಾ ರಸ್ತೆಗೆ ತಿರುಗು. ಬೋರ್ಡಿನಲ್ಲಿ ಶ್ರೀ ಸಾಗರ್ ಅಂತ ಕಂಡರೆ ಗಾಬರಿ ಬೇಡ, ಅದೇ. ಇಪ್ಪತ್ತು ನಿಮಿಷ ಇಟ್ಟುಕೋ. ಅಂಗಡಿ ಮುಂದೆ ನಿಲ್ಲುವ ಹೊತ್ತು ಅದಕ್ಕೆ ಸೇರಿಸಿಲ್ಲ. ಭಾನುವಾರ ಬರಬೇಡ.

ಪ್ರಶ್ನೆ: ನಿಲ್ದಾಣದಲ್ಲಿ ಕೊಡುವ ಪ್ಲಾಸ್ಟಿಕ್ ಬಿಲ್ಲೆಗೆ ಟೋಕನ್ ಅಂತಾರೆ. ನಮ್ಮಜ್ಜ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಅವರೂ 'ಟೋಕನ್ ಕೊಡೋಕೆ ಹೋಗಬೇಕು' ಅನ್ನುತ್ತಿದ್ದರಂತೆ. ಎರಡೂ ಒಂದೇನಾ?
(ಕಾಲೇಜು ಉಪನ್ಯಾಸಕಿ, ದಾವಣಗೆರೆ)

ಹೆಸರು ಒಂದೇ. ಕೆಲಸ ಬೇರೆ. ಅಮ್ಮಾ, ನಿಮ್ಮ ಅಜ್ಜನ ಪತ್ರ ಓದಿದಂತೆ ಆಯ್ತು ನನಗೆ.

ನಮ್ಮ ಟೋಕನ್ ಉಕ್ಕಿನ ಗುಂಡು. ಅಂಗೈ ತುಂಬುವಷ್ಟಿರುತ್ತಿತ್ತು. ಎರಡು ಸ್ಟೇಷನ್ ನಡುವೆ ಒಂದೇ ಹಳಿ. ಎದುರಾಬದುರಾ ಎರಡು ಗಾಡಿ ಬಂದರೆ ಕಥೆ ಮುಗಿಯಿತು. ಹಾಗಾಗಿ ಎರಡೂ ಸ್ಟೇಷನ್‌ನಲ್ಲಿ ಒಂದೊಂದು ಯಂತ್ರ. ಆ ಕಡೆಯ ಮಾಸ್ತರು ಒಪ್ಪಿಗೆ ಕೊಟ್ಟರೆ ಮಾತ್ರ ಈ ಕಡೆ ಗುಂಡು ಹೊರಗೆ ಬೀಳುತ್ತಿತ್ತು. ಒಂದು ಗುಂಡು ಹೊರಗಿದ್ದಾಗ ಇನ್ನೊಂದು ಬರುವುದೇ ಇಲ್ಲ. ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಪಾಯಿಂಟ್ಸ್‌ಮನ್ ಪ್ಲಾಟ್‌ಫಾರಂ ತುದಿಯಲ್ಲಿ ಕೈಯೆತ್ತಿ ನಿಲ್ಲುತ್ತಿದ್ದ. ನಿಲ್ಲದೆ ಹೋಗುವ ಗಾಡಿಯಿಂದ ಇಂಜಿನ್ನಿನವರು ತೋಳು ಚಾಚಿ ಬಳೆಯನ್ನು ಎತ್ತಿಕೊಂಡು ಹೋಗುತ್ತಿದ್ದರು. ರಾತ್ರಿ ಮಳೆಯಲ್ಲಿ ಪಕ್ಕದಲ್ಲಿ ಲಾಂದ್ರ ಹಿಡಿದವನು ನಾನು. ಬಳೆ ತಪ್ಪಿದರೆ ಗಾಡಿ ನಿಲ್ಲಬೇಕು. ಒಂದು ಸಲ ತಪ್ಪಿತು. ಚೀಲ ಹಳ್ಳಕ್ಕೆ ಬಿತ್ತು, ಗುಂಡು ಹುಡುಕುವಷ್ಟರಲ್ಲಿ ಒಂದು ಎಕ್ಸ್‌ಪ್ರೆಸ್ಸು ಪೂರ್ತಿ ಎದ್ದು ಕೂತು ನಮ್ಮನ್ನು ಬೈಯಿತು.

ಮೆಟ್ರೋದ ಬಿಲ್ಲೆ ಬರೀ ಟಿಕೆಟ್. ಒಳಗೆ ಹೋಗುವಾಗ ಮುಟ್ಟಿಸಬೇಕು, ಹೊರಗೆ ಬರುವಾಗ ಗೇಟಿನ ಬಾಯಿಗೆ ಹಾಕಬೇಕು. 2022ರ ರಾಜ್ಯೋತ್ಸವದಿಂದ ಫೋನಿನಲ್ಲೇ ವಾಟ್ಸಾಪ್ ಮೂಲಕ ಕ್ಯೂಆರ್ ಟಿಕೆಟ್ ಬಂದ ಮೇಲೆ ಹುಡುಗರು ಬಿಲ್ಲೆಯನ್ನು ಮುಟ್ಟುವುದೇ ಕಡಿಮೆ. ನನಗೆ ಮಾತ್ರ ಕೈಯಲ್ಲಿ ಏನಾದರೂ ಒಂದು ಇದ್ದರೇ ಸಮಾಧಾನ.

ಪ್ರಶ್ನೆ: ಮೆಜೆಸ್ಟಿಕ್‌ನಲ್ಲಿ ನಿಂತಾಗ ಗಾಡಿ ಬರುವ ಮುಂಚೆಯೇ ಜೋರು ಗಾಳಿ ಬರುತ್ತದೆ. ಸಂಪಿಗೆ ರಸ್ತೆಯಲ್ಲಿ ಹಾಗಾಗುವುದಿಲ್ಲ. ಮೊಮ್ಮಗ ಕೇಳಿದ, ಉತ್ತರ ಗೊತ್ತಾಗಲಿಲ್ಲ.
(ನಿವೃತ್ತ ಮೇಷ್ಟ್ರು, ಚನ್ನರಾಯಪಟ್ಟಣ)

ಮೇಷ್ಟ್ರೇ, ಸೈಕಲ್ ಪಂಪ್ ತೋರಿಸಿ ಮೊಮ್ಮಗನಿಗೆ. ಸುರಂಗ ಅನ್ನುವುದು ಪಂಪಿನ ಕೊಳವೆ, ಗಾಡಿ ಅದರೊಳಗಿನ ಬೆಣೆ. ಮುಂದಿರುವ ಗಾಳಿಗೆ ಪಕ್ಕಕ್ಕೆ ಸರಿಯಲು ಜಾಗ ಇಲ್ಲ. ತಳ್ಳಿಸಿಕೊಂಡು ನಮ್ಮ ಮುಖಕ್ಕೆ ಬಂದು ಹೊಡೆಯುತ್ತದೆ. ಸಂಪಿಗೆ ರಸ್ತೆಯಲ್ಲಿ ಪ್ಲಾಟ್‌ಫಾರಂ ಬಯಲಿಗೆ ತೆರೆದಿದೆ, ಗಾಳಿ ಸುಮ್ನೆ ಅತ್ತಿತ್ತ ಹೋಗುತ್ತದೆ. ಒಂದೇ ನಿಲ್ದಾಣದ ಅಂತರದಲ್ಲಿ ಎರಡೂ ನೋಡಬಹುದು. ಮೊಮ್ಮಗನನ್ನು ಕರೆದುಕೊಂಡು ಬನ್ನಿ. ಮೆಜೆಸ್ಟಿಕ್‌ನಲ್ಲಿ ಅವನ ಕೈಗೆ ಒಂದು ತೆಳು ಕರ್ಚೀಫು ಕೊಟ್ಟು, ಎರಡು ತುದಿ ಹಿಡಿದುಕೊಂಡು ನಿಲ್ಲಲು ಹೇಳಿ. ಗಾಡಿಯ ದೀಪ ಕಾಣುವ ಮೊದಲೇ ಕರ್ಚೀಫು ಹಾರಾಡುತ್ತದೆ. ಗಟ್ಟಿಯಾಗಿ ಹಿಡಿದುಕೊಳ್ಳಲಿ.

ಪ್ರಶ್ನೆ: ಏರ್‌ಪೋರ್ಟಿಗೆ ಹೋಗುವ ಉಪನಗರ ರೈಲು 'ಸಂಪಿಗೆ' ಅಂತೆ. ಹಾಗಾದರೆ ಅದು ಸಂಪಿಗೆ ರಸ್ತೆ ನಿಲ್ದಾಣದಿಂದ ಹೊರಡುತ್ತದಾ? ಅಲ್ಲೇ ಹತ್ತಿರ ಒಂದು ಸೈಟು ನೋಡಿದ್ದೇನೆ, ದಲ್ಲಾಳಿ ಹಾಗಂತಾನೆ.
(ಹೆಸರು ಬೇಡ, ರಾಜಾಜಿನಗರ)

ದಲ್ಲಾಳಿಗೆ ಹೂವಿನ ಮೇಲೆ ಪ್ರೀತಿ ಇರಬೇಕು. ಸ್ವಲ್ಪ ತಡೆಯಿರಿ, ಅಡ್ವಾನ್ಸ್ ಕೊಡಬೇಡಿ.

ಉಪನಗರ ರೈಲಿನ ನಾಲ್ಕು ಮಾರ್ಗಕ್ಕೆ ಹೂವಿನ, ಗಿಡದ ಹೆಸರಿಟ್ಟಿದ್ದಾರೆ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ನಾಲ್ಕೂ ಸೇರಿ ಸುಮಾರು 148 ಕಿಲೋಮೀಟರ್. 2022ರ ಜೂನ್‌ನಲ್ಲಿ ಅಡಿಗಲ್ಲು ಬಿತ್ತು. ಅದರಲ್ಲಿ ಸಂಪಿಗೆ ಅನ್ನುವುದು ಸಿಟಿ ರೈಲ್ವೆ ಸ್ಟೇಷನ್‌ನಿಂದ ಯಲಹಂಕದ ಮೇಲೆ ದೇವನಹಳ್ಳಿಗೆ ಯೋಚಿಸಿರುವ ಮಾರ್ಗ. ಸಂಪಿಗೆ ರಸ್ತೆ ಅನ್ನುವುದು ನಮ್ಮ ಮೆಟ್ರೋದ ಹಸಿರು ಮಾರ್ಗದ ಒಂದು ನಿಲ್ದಾಣ. ಹೆಸರು ಒಂದೇ ಆದರೆ ಸಂಬಂಧ ಬಂತು ಅಂತಲ್ಲ. ನಮ್ಮ ಬೀದಿಯಲ್ಲೇ ಮೂವರು ವೆಂಕಟೇಶರಿದ್ದಾರೆ.

ಹೆಸರಿನ ಗೊಂದಲ ಇಲ್ಲಿಗೆ ಹೊಸದೂ ಅಲ್ಲ. ಮೊದಲ ನಕ್ಷೆಗಳಲ್ಲಿ ಈ ನಿಲ್ದಾಣಕ್ಕೆ ಸ್ವಸ್ತಿಕ್ ಅಂತ ಇತ್ತು. ಆಮೇಲೆ ಸಂಪಿಗೆ ರಸ್ತೆ ಆಯ್ತು. ಈಗ ಗಾಡಿಯೊಳಗೆ ಕೂಗುವುದು 'ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ'. ಆಟೋದವರಿಗೆ ಮೂರೂ ಬೇಡ. 'ಮಂತ್ರಿ ಮಾಲ್ ಮೆಟ್ರೋ' ಅನ್ನಿ, ತಂದು ಬಿಡುತ್ತಾರೆ. ಸಂಪಿಗೆ ಮರದ ಹೆಸರಿನ ರಸ್ತೆಯಲ್ಲಿ ಸಂಪಿಗೆ ಕೊನೆಗೆ ಬಂದಿದ್ದು ನನಗೆ ಅಷ್ಟಾಗಿ ಹಿಡಿಸಿಲ್ಲ. ಆದರೆ ನನ್ನನ್ನು ಯಾರು ಕೇಳುತ್ತಾರೆ, ಬಿಡಿ.

ಪ್ರಶ್ನೆ: ಮಗಳಿಗೆ ಹುಟ್ಟಿದಾಗಿನಿಂದ ದೃಷ್ಟಿ ತೀರಾ ಕಡಿಮೆ. ಬಿಳಿ ಕೋಲು ಹಿಡಿದು ಓಡಾಡುತ್ತಾಳೆ. ಮಲ್ಲೇಶ್ವರದಲ್ಲಿ ಕಾಲೇಜಿಗೆ ಸೇರಿದ್ದಾಳೆ. ಮೆಟ್ರೋದಲ್ಲಿ ಒಬ್ಬಳೇ ಹೋಗುತ್ತೇನೆ ಅನ್ನುತ್ತಾಳೆ. ನೆಲದಲ್ಲಿ ಹಳದಿ ಉಬ್ಬು ಕಲ್ಲು ಹಾಕಿರುತ್ತಾರಂತೆ, ಅದೇ ಸಾಕಂತೆ. ನನಗೆ ಧೈರ್ಯ ಬರುತ್ತಿಲ್ಲ.
(ತಾಯಿ, ಹಾಸನ)

ಅಮ್ಮಾ, ಗಾಡಿಯ ಬಗ್ಗೆ ನಿಮಗೆ ಭಯ ಬೇಡ. ನಿಲ್ದಾಣದ ಒಳಗಿನ ಬಗ್ಗೆಯೂ ಬೇಡ. ನನಗೆ ಭಯ ಇರುವುದು ಮೆಟ್ಟಿಲಿಳಿದ ಮೇಲಿನ ಇನ್ನೂರು ಹೆಜ್ಜೆಯದು. ಬಿಡಿಸಿ ಹೇಳುತ್ತೇನೆ.

ಆ ಹಳದಿ ಕಲ್ಲನ್ನು ಕಂಡುಹಿಡಿದವರು ಜಪಾನಿನ ಸೈಇಚಿ ಮಿಯಾಕೆ ಅನ್ನುವವರು, 1965ರಲ್ಲಿ. ಅವರ ಸ್ನೇಹಿತರೊಬ್ಬರ ದೃಷ್ಟಿ ಹೋಗುತ್ತಿತ್ತು, ಅವರಿಗಾಗಿ. 1967ರಲ್ಲಿ ಒಕಾಯಾಮಾ ಅನ್ನುವ ಊರಿನಲ್ಲಿ ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲು ಹಾಕಿದರು. ಈಗ ಲೋಕವೆಲ್ಲಾ ಇದೆ. ಎರಡು ಥರ ಬರುತ್ತದೆ. ಉದ್ದುದ್ದ ಗೆರೆ ಇದ್ದರೆ 'ಹೀಗೇ ಹೋಗು'. ಗುಂಡು ಗುಂಡು ಚುಕ್ಕಿ ಇದ್ದರೆ 'ನಿಲ್ಲು, ಮುಂದೆ ಏನೋ ಇದೆ'. ಮೆಟ್ಟಿಲಿರಬಹುದು, ತಿರುವು ಇರಬಹುದು, ಪ್ಲಾಟ್‌ಫಾರಂನ ಅಂಚು ಇರಬಹುದು. ಕಾಲಿಗೂ ಗೊತ್ತಾಗುತ್ತದೆ, ಕೋಲಿಗೂ ಗೊತ್ತಾಗುತ್ತದೆ. ಹಳದಿ ಬಣ್ಣ ಯಾಕೆ ಅಂದರೆ ನಿಮ್ಮ ಮಗಳ ಥರ ಅಲ್ಪಸ್ವಲ್ಪ ಕಾಣುವವರಿಗೆ ಎದ್ದು ಕಾಣಲಿ ಅಂತ.

ನಮ್ಮ ಪಕ್ಕದ ಬೀದಿಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಇದ್ದಾನೆ. ಅವನಿಗೆ ಪೂರ್ತಿ ಕಾಣುವುದಿಲ್ಲ. ಒಂದು ಸಂಜೆ ಅವನ ಜೊತೆಗೆ ಸಂಪಿಗೆ ರಸ್ತೆಯಲ್ಲಿ ಇಳಿದೆ. 'ಬಾರಪ್ಪಾ, ಕೈ ಹಿಡಿ' ಅಂದೆ. ಅವನು ನಕ್ಕು, 'ಅಂಕಲ್, ನೀವು ನನ್ನ ಕೈ ಹಿಡ್ಕೊಳ್ಳಿ, ಮೊಣಕಾಲು ನಿಮ್ಮದಲ್ವಾ' ಅಂದ. ನಿಜವಾಗಲೂ ನಾನೇ ಹಿಂದೆ ಬಿದ್ದೆ. ಗೆರೆ ಕಲ್ಲಿನ ಮೇಲೆ ಕೋಲು ಟಕಟಕ ಅಂತ ಹೋಗುತ್ತಿತ್ತು. ಚುಕ್ಕಿ ಬಂದ ಕಡೆ ಒಂದು ಕ್ಷಣ ನಿಲ್ಲುತ್ತಿದ್ದ, ಮತ್ತೆ ಹೊರಡುತ್ತಿದ್ದ. ಗೇಟು, ಎಸ್ಕಲೇಟರು, ಕೆಳಗಿನ ಬಾಗಿಲು, ಎಲ್ಲೂ ತಡವರಿಸಲಿಲ್ಲ.

ಹೊರಗೆ ಬಂದ ಮೇಲೆ ಅವನ ನಡಿಗೆಯೇ ಬದಲಾಯಿತು. ಹೆಜ್ಜೆ ಅರ್ಧ ಆಯ್ತು. ಸ್ವಲ್ಪ ದೂರ ಹೋದ ಮೇಲೆ ಫುಟ್‌ಪಾತ್ ಮೇಲೆ ಸ್ಕೂಟರ್‌ಗಳು. ಒಂದರ ಹ್ಯಾಂಡಲ್ ಅವನ ಹೊಟ್ಟೆಗೆ ತಾಗಿತು. 'ಇದು ದಿನಾ ಇರುತ್ತೆ, ಹಳೇ ಸ್ನೇಹಿತ' ಅಂದ. ಮುಂದೆ ಒಂದು ಎಳನೀರಿನ ಗಾಡಿ. ಕತ್ತಿಯ ಸದ್ದು ಕೇಳಿ ಪಕ್ಕಕ್ಕೆ ಸರಿದ. ಆಮೇಲೆ ಒಂದು ಕಡೆ ನಿಂತು ಮೂಗು ಎತ್ತಿದ. 'ಮಲ್ಲಿಗೆ ವಾಸನೆ ಬಂದ ಕಡೆ ನಾನು ರಸ್ತೆ ದಾಟೋದು' ಅಂದ. ಅಲ್ಲಿ ಒಬ್ಬ ಹೂವಿನಮ್ಮ ಕೂರುತ್ತಾರೆ. ಅವರು ಬರದ ದಿನ? 'ಯಾರನ್ನಾದರೂ ಕೇಳಬೇಕು. ಕೇಳಿದರೆ ಹೇಳ್ತಾರೆ. ಕೆಲವರು ಕೇಳದೆ ಇದ್ದರೂ ಎಳ್ಕೊಂಡು ದಾಟಿಸಿಬಿಡ್ತಾರೆ, ನಾನು ಆ ಕಡೆ ಹೋಗಬೇಕಾಗಿರಲ್ಲ!'

ಅದೇ ಫುಟ್‌ಪಾತಿನಲ್ಲಿ ನಾನೂ ಒಂದು ಸಲ ಬಿದ್ದಿದ್ದೇನೆ. ಒಂದು ಚಪ್ಪಡಿ ಸಡಿಲವಾಗಿತ್ತು. ಕಾಲಿಟ್ಟ ತಕ್ಷಣ ತೊಟ್ಟಿಲ ಥರ ತೂಗಿತು. ಪಾದ ಉಳುಕಿ ಮೂರು ವಾರ ಮನೆಯಲ್ಲಿ ಕೂತೆ. ಆಮೇಲೆ ಒಂದು ಕಚೇರಿಗೆ ಹೋಗಿ ಹೇಳಿದೆ. ಚರಂಡಿ ಮೇಲಿನದು ನಮ್ಮದಲ್ಲ ಅಂದರು. ಇನ್ನೊಂದು ಕಚೇರಿಗೆ ಹೋದೆ. ಚರಂಡಿ ನಮ್ಮದು, ಚಪ್ಪಡಿ ನಮ್ಮದಲ್ಲ ಅಂದರು. ನನ್ನ ಕಾಲದಲ್ಲಿ ಎರಡು ಸ್ಟೇಷನ್ ನಡುವಿನ ಹಳಿಗೆ ಒಂದೇ ಗುಂಡು, ಅದು ಯಾರ ಕೈಯಲ್ಲಿದೆ ಅಂತ ಪಕ್ಕಾ ಗೊತ್ತಿರುತ್ತಿತ್ತು. ಈ ಇನ್ನೂರು ಹೆಜ್ಜೆಯ ಗುಂಡು ಯಾರ ಚೀಲದಲ್ಲಿದೆಯೋ ನಾನು ಇನ್ನೂ ಹುಡುಕುತ್ತಿದ್ದೇನೆ. ಅಷ್ಟರಲ್ಲಿ ಆ ಹೂವಿನಮ್ಮ ಸಂದಿಗೆ ಒಂದು ಇಟ್ಟಿಗೆ ಚೂರು ಸಿಕ್ಕಿಸಿ ಚಪ್ಪಡಿ ಅಲುಗಾಡದಂತೆ ಮಾಡಿದ್ದರು. ಅದು ಈಗಲೂ ಹಾಗೇ ಇದೆ.

ಹೀಗಾಗಿ ನನ್ನ ಸಲಹೆ ಇಷ್ಟು. ಮಗಳನ್ನು ತಡೆಯಬೇಡಿ. ಮೊದಲ ಒಂದು ವಾರ ನೀವು ಜೊತೆಗೆ ಬನ್ನಿ, ಆದರೆ ಗಾಡಿಯೊಳಗೆ ಅಲ್ಲ. ನಿಲ್ದಾಣದ ಬಾಗಿಲಿನಿಂದ ಕಾಲೇಜಿನ ಬಾಗಿಲಿನ ತನಕ ದಿನಾ ಎರಡು ಸಲ ನಡೆಯಿರಿ. ಅವಳು ಮುಂದೆ, ನೀವು ಹತ್ತು ಹೆಜ್ಜೆ ಹಿಂದೆ. ಬಾಯಿ ಬಿಡಬೇಡಿ, ಕಷ್ಟವಾಗುತ್ತದೆ ಅಂತ ಗೊತ್ತು. ಯಾವ ಅಂಗಡಿಯ ಸದ್ದು, ಯಾವ ತಿರುವಿನ ವಾಸನೆ ಅಂತ ಅವಳೇ ಲೆಕ್ಕ ಇಟ್ಟುಕೊಳ್ಳುತ್ತಾಳೆ. ನಿಲ್ದಾಣದೊಳಗೆ ಬೇಕಾದರೆ ಗೇಟಿನ ಹತ್ತಿರದ ಸಿಬ್ಬಂದಿಯನ್ನು ಕೇಳಲಿ. ಗಾಡಿಯ ತನಕ ಬಂದು ಹತ್ತಿಸಿದ್ದನ್ನು ನಾನೇ ನೋಡಿದ್ದೇನೆ. ಗಾಡಿಯಲ್ಲಿ ಪ್ರತಿ ನಿಲ್ದಾಣದ ಹೆಸರನ್ನೂ ಕನ್ನಡದಲ್ಲಿ ಕೂಗುತ್ತಾರೆ, ಬಾಗಿಲು ಯಾವ ಕಡೆ ತೆಗೆಯುತ್ತದೆ ಅಂತಲೂ ಹೇಳುತ್ತಾರೆ.

ಸಂಪಿಗೆ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸುವ ಮಹಾನುಭಾವರು ಈ ಪುಟ ಓದುತ್ತಿದ್ದರೆ, ನಿಮ್ಮ ಹ್ಯಾಂಡಲ್ ಆ ಹುಡುಗನ ಹೊಟ್ಟೆಯ ಎತ್ತರಕ್ಕೆ ಸರಿಯಾಗಿದೆ.

ಪ್ರಶ್ನೆ: ನಿಲ್ದಾಣ ಬರುವ ಮುಂಚೆ ಆ ಜಾಗ ಹೇಗಿತ್ತು? ಮಲ್ಲೇಶ್ವರದಲ್ಲೇ ಹುಟ್ಟಿದರೂ ನನಗೆ ಮಾಲ್ ಬಿಟ್ಟು ಬೇರೆ ನೆನಪಿಲ್ಲ.
(ಇಪ್ಪತ್ತೆರಡರ ಯುವತಿ, ಮಲ್ಲೇಶ್ವರ)

ನಿಮ್ಮ ವಯಸ್ಸಿಗೆ ಅದು ಸರಿಯೇ. ಮಾಲ್ ಬಾಗಿಲು ತೆಗೆದದ್ದು 2010ರಲ್ಲಿ. ಅದಕ್ಕೂ ಮುಂಚೆ ಆ ಜಾಗದಲ್ಲಿ ರಾಜಾ ಮಿಲ್ಸ್ ಅಂತ ಬಟ್ಟೆ ಗಿರಣಿ ಇತ್ತು. ಆ ದಾರಿಯಲ್ಲಿ ಉದ್ದದ ಕಾಂಪೌಂಡು ಗೋಡೆ ಬಿಟ್ಟರೆ ನಮಗೆ ನೋಡಲು ಏನೂ ಇರಲಿಲ್ಲ. ಈಗ ಅದೇ ಕಡೆ ಗಾಜು, ದೀಪ, ಮೇಲಿನಿಂದಲೇ ಮಾಲ್‌ಗೆ ದಾರಿ. ಮಳೆಗಾಲದಲ್ಲಿ ನಾನೂ ಆ ದಾರಿಯಲ್ಲೇ ನುಸುಳುತ್ತೇನೆ. ಏನೂ ಕೊಳ್ಳುವುದಿಲ್ಲ, ಎ.ಸಿ. ಗಾಳಿ ಕುಡಿದು ಬರುತ್ತೇನೆ.

ನಿಲ್ದಾಣ 2014ರ ಮಾರ್ಚ್ 1ರಂದು ಶುರುವಾಯಿತು, ಪೀಣ್ಯ ಇಂಡಸ್ಟ್ರಿ ತನಕ. ಆಗ ಇದೇ ಕೊನೇ ನಿಲ್ದಾಣ. ಮೂರು ವರ್ಷಕ್ಕೂ ಜಾಸ್ತಿ ಹಾಗೇ ಇತ್ತು. ಮೆಜೆಸ್ಟಿಕ್ ಮುಂದಿನ ನಿಲ್ದಾಣವೇ, ಆದರೂ ಇಲ್ಲಿ ಇಳಿದು ಬಸ್ಸೋ ಆಟೋನೋ ಹಿಡಿಯಬೇಕು. ಸಂಜೆ ಹೊತ್ತು ಕೆಳಗೆ ಆಟೋದವರು 'ಮೆಜೆಸ್ಟಿಕ್, ಮೆಜೆಸ್ಟಿಕ್' ಅಂತ ಕೂಗುತ್ತಿದ್ದರು. ನೆಲದ ಕೆಳಗೆ ಸುರಂಗ ಕೊರೆಯುವ ಯಂತ್ರಗಳು ಒದ್ದಾಡುತ್ತಿದ್ದವು. ಅವಕ್ಕೆ ಗೋದಾವರಿ, ಕಾವೇರಿ, ಕೃಷ್ಣಾ ಅಂತ ನದಿಗಳ ಹೆಸರು. ಗೋದಾವರಿ ಅಂತೂ ಕೆಟ್ಟು ಕೂತು ಪೇಪರಿನವರಿಗೆ ಬಹಳ ದಿನ ಕೆಲಸ ಕೊಟ್ಟಳು. 2017ರ ಜೂನ್‌ನಲ್ಲಿ ಸುರಂಗ ತೆರೆಯಿತು. ಆಟೋದವರ ಕೂಗು ಒಂದೇ ವಾರದಲ್ಲಿ ನಿಂತಿತು.

ಇನ್ನೂ ಹಿಂದಕ್ಕೆ ಹೋಗಬೇಕು ಅಂದರೆ ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ಹೋಗಿ. ಅಲ್ಲಿ 1669ರ ಒಂದು ಶಾಸನ ಇದೆ. ಶಿವಾಜಿಯ ಮಲತಮ್ಮ ಏಕೋಜಿ ಈ ದೇವರಿಗೆ ಮೇದರನಿಂಗನಹಳ್ಳಿ ಅನ್ನುವ ಊರನ್ನು ಬಿಟ್ಟುಕೊಟ್ಟ ವಿಷಯ. ಅದರಲ್ಲಿ ಮಲ್ಲಪುರ ಅಂತಲೇ ಬರುತ್ತದೆ. ಕ್ರಾಸು, ಮೇನು ಅಂತ ಪಟ್ಟಿ ಹೊಡೆದ ಹಾಗೆ ರಸ್ತೆ ಬಂದದ್ದು ಆಮೇಲೆ, ಹತ್ತೊಂಬತ್ತನೇ ಶತಮಾನದ ಕೊನೆಗೆ. 1898ರಲ್ಲಿ ಪೇಟೆಯಲ್ಲಿ ಪ್ಲೇಗು ಬಂದಾಗ ಜನ ಈ ಕಡೆ ಬಂದು ನೆಲೆಯಾದರು. ದೇವಸ್ಥಾನದ ಎದುರಿಗೇ ನಂದಿ ತೀರ್ಥ ಇದೆ. ಮಣ್ಣಿನಡಿ ಮುಚ್ಚಿಹೋಗಿ, 1997ರಲ್ಲಿ ಅಗೆದಾಗ ಮತ್ತೆ ಸಿಕ್ಕಿತು. ನಂದಿಯ ಬಾಯಿಂದ ನೀರು ಬಂದು ಲಿಂಗದ ಮೇಲೆ ಬೀಳುತ್ತದೆ. ಊರಿನ ನಡುವೆ, ಅಷ್ಟು ಜನ ಓಡಾಡುವ ಕಡೆ, ಒಂದು ಕಲ್ಯಾಣಿಯೇ ಕಾಣದೆ ಹೋಗಿತ್ತು ನೋಡಿ.

ಪ್ರಶ್ನೆ: ಕಾರ್ತಿಕದಲ್ಲಿ ಮಲ್ಲೇಶ್ವರದ ಕಡಲೆಕಾಯಿ ಪರಿಷೆಗೆ ಬರುತ್ತೇವೆ. ಒಂದು ಮೂಟೆ ತಗೊಂಡರೆ ಮೆಟ್ರೋದಲ್ಲಿ ಬಿಡುತ್ತಾರಾ?
(ಕೂಡು ಕುಟುಂಬ, ಜಾಲಹಳ್ಳಿ)

ಮೂಟೆ ಬೇಡ. ಸಾಮಾನಿಗೆ ಅಳತೆ ಇದೆ, 60 × 45 × 25 ಸೆಂಟಿಮೀಟರ್. ಅಂದರೆ ಒಂದು ಮಧ್ಯಮ ಸೂಟ್‌ಕೇಸು. ನೀವು ಕೂಡು ಕುಟುಂಬ ಅಂದಿರಲ್ಲ, ಎಷ್ಟು ಜನ ಬರುತ್ತೀರಿ? ತಲೆಗೆ ಎರಡು ಸೇರಿನ ಹಾಗೆ ಕೈಚೀಲಕ್ಕೆ ಹಂಚಿಕೊಂಡು ಹತ್ತಿ, ಯಾರೂ ಕೇಳುವುದಿಲ್ಲ. ಗಾಡಿಯಲ್ಲಿ ತಿನ್ನುವ ಹಾಗಿಲ್ಲ, ಚಿಕ್ಕವರಿಗೆ ಮೊದಲೇ ಹೇಳಿ. ಮಲ್ಲೇಶ್ವರದಲ್ಲೇ ಒಂದು ಕಟ್ಟೆ ಹುಡುಕಿ, ಕೂತು ಸುಲಿದು ತಿಂದು, ಆಮೇಲೆ ಹೊರಡಿ. ಆ ದಿನ ನಾನೂ ಅಲ್ಲೇ ಎಲ್ಲೋ ಇರುತ್ತೇನೆ, ಬೆತ್ತದ ಕೋಲು ಹಿಡಿದುಕೊಂಡು. ಹಸಿ ಕಾಯಿ ಕೊಡಿ, ಹುರಿದದ್ದು ನನ್ನ ಹಲ್ಲಿಗೆ ಆಗುವುದಿಲ್ಲ.